ಚೀಲದ 5 ರೂಪಾಯಿ ಯಾರ ಗಲ್ಲಾಪೆಟ್ಟಿಗೆಗೆ? ಮಲೆನಾಡಿನ ಅಂಚಿನ ಒಂದು ಪೇಟೆಯ ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಹಾಸನ ಜಿಲ್ಲೆಯ ಮಲೆನಾಡು ಭಾಗದ ಒಂದು ಪುರಸಭಾ ಪಟ್ಟಣದಲ್ಲಿ. ಪಟ್ಟಣದ ಹೆಸರನ್ನಾಗಲೀ ಅಲ್ಲಿನ ಅಧಿಕಾರಿಗಳ, ವರ್ತಕರ ಹೆಸರುಗಳನ್ನಾಗಲೀ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಲು ದಾರಿಯಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪುರಸಭೆಗೆ ಘನತ್ಯಾಜ್ಯ ನಿರ್ವಹಣೆಯಲ್ಲಿ ನೆರವಾಗುತ್ತಿದ್ದ ತಂಡದಲ್ಲಿ ನಾನಿದ್ದುದರಿಂದ ಸಭೆಗಳಲ್ಲಿ ಕೂರುವ, ಕಡತಗಳನ್ನು ನೋಡುವ ಅವಕಾಶ ಸಿಕ್ಕಿತ್ತು. ಚೀಲಕ್ಕೆ ದುಡ್ಡು ಹಾಕಿದರೆ ಕಸ ಕಡಿಮೆಯಾಗುತ್ತದೆ ಎಂಬ ಮಾತನ್ನು ಬೇರೆ ಊರುಗಳಲ್ಲಿಯೂ ಆಗಾಗ ಕೇಳುತ್ತಿರುವುದರಿಂದ, ಆ ಮಾತು ಒಂದು ಪೇಟೆಯಲ್ಲಿ ಎಲ್ಲಿ ನಿಜವಾಯಿತು, ಎಲ್ಲಿ ತಲೆಕೆಳಗಾಯಿತು ಎಂಬುದನ್ನು ದಾಖಲಿಸುವುದು ಉಪಯುಕ್ತವೆನಿಸಿತು.

ಪೇಟೆಯ ಸ್ವರೂಪ ಸರಳವಾದದ್ದು. ಒಂದು ಮುಖ್ಯರಸ್ತೆ, ಅದರ ಇಕ್ಕೆಲಗಳಲ್ಲಿ ದಿನಸಿ, ಬಟ್ಟೆ, ಔಷಧಿ, ಬೇಕರಿ ಅಂಗಡಿಗಳು. ಬಸ್ ನಿಲ್ದಾಣದ ಹಿಂಬದಿಗೆ ಸಂತೆ ಮೈದಾನ. ಮೈದಾನದ ಮೂಲೆಯಲ್ಲಿ ಮೀನು ಮತ್ತು ಕೋಳಿ ಅಂಗಡಿಗಳ ಸಾಲು. ಮೀನಂಗಡಿಗಳ ಹಿಂದೆ ಹಾದುಹೋಗುವ ದೊಡ್ಡ ಚರಂಡಿ ಊರಾಚೆ ಒಂದು ಹಳ್ಳಕ್ಕೆ ಬೀಳುತ್ತದೆ, ಹಳ್ಳ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಗೊರೂರಿನ ಜಲಾಶಯಕ್ಕೆ ಹೋಗುತ್ತದೆ. ಚರಂಡಿಯು ರಸ್ತೆಯನ್ನು ದಾಟುವ ಮೋರಿಯ ಬಾಯಿಗೆ ಪುರಸಭೆ ಒಂದು ಕಬ್ಬಿಣದ ಜಾಲರಿ ಹಾಕಿಸಿತ್ತು. ಮಲೆನಾಡಿನ ಮಳೆ ಹಿಡಿದಾಗ ಈ ಜಾಲರಿ ಕಟ್ಟಿಕೊಂಡು ಮುಖ್ಯರಸ್ತೆಯ ಮೇಲೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಅಂಗಡಿಗಳವರು ಪುರಸಭೆಯನ್ನು ಬೈಯುವುದು, ಪುರಸಭೆಯವರು ಅಂಗಡಿಗಳು ಕೊಡುವ ಕವರುಗಳನ್ನು ತೋರಿಸುವುದು ಪ್ರತಿ ಮಳೆಗಾಲದ ವಾಡಿಕೆಯಾಗಿತ್ತು.

ಕಾನೂನಿನ ಸ್ಥಿತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಗೊಂದಲದ ಬೇರು ಅಲ್ಲಿದೆ. ಅಂಗಡಿಯವರು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡಬಾರದು, ಅದರ ಕನಿಷ್ಠ ಬೆಲೆಯನ್ನು ಸ್ಥಳೀಯ ಸಂಸ್ಥೆ ಗೊತ್ತುಪಡಿಸಬಹುದು ಎಂದು ಕೇಂದ್ರದ ನಿಯಮಗಳು 2011ರಲ್ಲಿಯೇ ಹೇಳಿದ್ದವು. 2016ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಗಳು ಈ ದಾರಿಯನ್ನು ಬದಲಿಸಿ, ಪ್ಲಾಸ್ಟಿಕ್ ಚೀಲ ಕೊಡಲಿಚ್ಛಿಸುವ ಅಂಗಡಿಯವರು ನೋಂದಣಿ ಮಾಡಿಸಿಕೊಂಡು ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಶುಲ್ಕ ಕಟ್ಟಬೇಕೆಂದು ವಿಧಿಸಿದವು. ಸಣ್ಣ ಅಂಗಡಿಯವರಿಗೆ ಅದು ಕನಸಿನ ಮೊತ್ತ, ದೊಡ್ಡ ಅಂಗಡಿಯವರಿಗೆ ಒಮ್ಮೆ ಕಟ್ಟಿದ ಮೇಲೆ ಎಷ್ಟು ಬೇಕಾದರೂ ಹಂಚಲು ಸಿಕ್ಕ ಪರವಾನಗಿ. 2018ರ ತಿದ್ದುಪಡಿಯಲ್ಲಿ ಆ ನಿಯಮವನ್ನೇ ಕೈಬಿಡಲಾಯಿತು. ಇತ್ತ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತ್ತು. ಹಾಗಾಗಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಶುಲ್ಕ ಹಾಕುತ್ತೇವೆ ಎಂದು ಯಾವ ಪುರಸಭೆಯೂ ಬಾಯಿಬಿಟ್ಟು ಹೇಳುವಂತಿಲ್ಲ. ಇಲ್ಲವೆಂದು ಘೋಷಿಸಿದ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ?

ಸಮಸ್ಯೆ ಮತ್ತು ಮೊದಲ ಪ್ರಯತ್ನ

2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಜಾರಿಗೆ ಬಂದಾಗ, ಎಲ್ಲ ಊರುಗಳಂತೆ ಇಲ್ಲಿಯೂ ದಾಳಿಗಳು ನಡೆದವು. ಆರೋಗ್ಯ ನಿರೀಕ್ಷಕರು ಪೌರಕಾರ್ಮಿಕರೊಂದಿಗೆ ಅಂಗಡಿಗಳಿಗೆ ಹೋಗಿ ಕವರುಗಳ ಕಟ್ಟುಗಳನ್ನು ಜಪ್ತಿ ಮಾಡಿದರು, ದಂಡದ ರಸೀದಿ ಹರಿದರು. ಕವರುಗಳು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಅಕ್ಕಿ ಮೂಟೆಯ ಹಿಂದಕ್ಕೆ ಹೋದವು, ದಾಳಿ ತಣ್ಣಗಾದ ಮೇಲೆ ಮತ್ತೆ ಮುಂದಕ್ಕೆ ಬಂದವು. ಒಂದು ಸಭೆಯಲ್ಲಿ ಹಿರಿಯ ದಿನಸಿ ವರ್ತಕರೊಬ್ಬರು ಎದ್ದು, "ಫ್ಯಾಕ್ಟರಿ ಮುಚ್ಚಿಸೋಕೆ ನಿಮ್ಮಿಂದ ಆಗಲ್ಲ, ಲಾರಿ ತಡೆಯೋಕೆ ಆಗಲ್ಲ, ನಮ್ಮ ಅಂಗಡಿ ಮಾತ್ರ ಹತ್ತಿರ ಇದೆ ಅಂತ ಬರ್ತೀರ. ನಾನು ಕವರ್ ಕೊಡಲ್ಲ ಅಂದ್ರೆ ಗಿರಾಕಿ ಎದುರಂಗಡಿಗೆ ಹೋಗ್ತಾನೆ. ಎಲ್ಲರೂ ಒಂದೇ ದಿನ ನಿಲ್ಲಿಸೋ ಹಂಗಿದ್ರೆ ನಾನೂ ನಿಲ್ಲಿಸ್ತೀನಿ ಸಾರ್" ಎಂದರು.

ಪ್ರಕರಣದ ಮೊದಲ ತಿರುವು ಈ ಮಾತೇ. ಅಂಗಡಿಯವರಿಗೆ ಕವರ್ ಲಾಭದ ವಸ್ತುವಾಗಿರಲಿಲ್ಲ, ಪೈಪೋಟಿಯ ಖರ್ಚಾಗಿತ್ತು. ಎಲ್ಲರೂ ಒಟ್ಟಿಗೆ ಆ ಖರ್ಚಿನಿಂದ ಪಾರಾಗುವುದಾದರೆ ಯಾರಿಗೂ ತಕರಾರಿರಲಿಲ್ಲ. ವರ್ತಕರ ಸಂಘದ ಅಧ್ಯಕ್ಷರು ಇದನ್ನು ಹಿಡಿದುಕೊಂಡು, ನಿಗದಿಪಡಿಸಿದ ದಿನದಿಂದ ಸಂಘದ ಯಾವ ಸದಸ್ಯರೂ ಯಾವ ಬಗೆಯ ಚೀಲವನ್ನೂ, ಕಾಗದದ್ದಾಗಲೀ ಬಟ್ಟೆಯದ್ದಾಗಲೀ, ಪುಕ್ಕಟೆ ಕೊಡಬಾರದು, ಚಿಕ್ಕದಕ್ಕೆ 5 ರೂಪಾಯಿ, ದೊಡ್ಡದಕ್ಕೆ 10 ರೂಪಾಯಿ ತೆಗೆದುಕೊಳ್ಳಬೇಕು ಎಂದು ಸಂಘದಲ್ಲಿ ನಿರ್ಣಯ ಮಾಡಿಸಿದರು.

ಪುರಸಭೆಯೇ ಈ ಶುಲ್ಕವನ್ನು ವಿಧಿಸಲಿ ಎಂಬ ಸಲಹೆಯೂ ಬಂದಿತ್ತು. ಮುಖ್ಯಾಧಿಕಾರಿಗಳು ಅದಕ್ಕೆ ಒಪ್ಪಲಿಲ್ಲ. ಉಪವಿಧಿ (ಪುರಸಭೆ ತಾನೇ ಮಾಡಿಕೊಳ್ಳುವ ಸ್ಥಳೀಯ ನಿಯಮ) ಇಲ್ಲದೆ ಪುರಸಭೆ ಜನರಿಂದ ಒಂದು ರೂಪಾಯಿ ವಸೂಲು ಮಾಡಿದರೂ ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಉಪವಿಧಿ ಮಾಡಬೇಕೆಂದರೆ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಸರ್ಕಾರದ ಮಂಜೂರಾತಿ ಪಡೆಯಬೇಕು, ಅಷ್ಟರೊಳಗೆ ಎರಡು ಮಳೆಗಾಲ ಕಳೆಯುತ್ತದೆ ಎಂಬುದು ಅವರ ವಾದ. ಆದ್ದರಿಂದ ಇದು ಪುರಸಭೆಯ ಶುಲ್ಕವಾಗದೆ ವರ್ತಕರು ತಮ್ಮತಮ್ಮಲ್ಲಿ ಮಾಡಿಕೊಂಡ ಕಟ್ಟುಪಾಡಾಯಿತು. ಆ ತೀರ್ಮಾನ ಸರಿಯಾದದ್ದೇ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅದರ ಜೊತೆಯಲ್ಲಿಯೇ ಒಂದು ಪ್ರಶ್ನೆಗೆ ಯಾರೂ ಉತ್ತರ ಬರೆಯಲಿಲ್ಲ. ಗಿರಾಕಿ ಕೊಡುವ 5 ರೂಪಾಯಿ ಯಾರದು? ನಿರ್ಣಯದಲ್ಲಿ ಅದರ ಪ್ರಸ್ತಾಪವಿಲ್ಲದ್ದರಿಂದ ಅದು ಸಹಜವಾಗಿಯೇ ಅಂಗಡಿಯವರದಾಯಿತು.

ಬೆಲೆ ಬಂದ ಮೇಲೆ ನಡೆದದ್ದು

ಮೊದಲ ಕೆಲವು ವಾರಗಳಲ್ಲಿ ದಿನಸಿ ಅಂಗಡಿಗಳಲ್ಲಿ ಆದ ಬದಲಾವಣೆ ಎಲ್ಲರನ್ನೂ ಬೆರಗುಗೊಳಿಸಿತು. ಮನೆಯ ಬಾಗಿಲ ಹಿಂದೆ ತೂಗುಹಾಕಿದ್ದ ಪ್ಲಾಸ್ಟಿಕ್ ವಯರ್ ಬುಟ್ಟಿಗಳು, ಮದುವೆಯ ತಾಂಬೂಲದಲ್ಲಿ ಬಂದ ಚೀಲಗಳು, ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿಸಿದ ಕೈಚೀಲಗಳು ಪೇಟೆಗೆ ಬಂದವು. ತಿಂಗಳಿಗೆ ಸಾವಿರಾರು ರೂಪಾಯಿಯ ಸಾಮಾನು ಒಯ್ಯುವ ಮನೆಯವರೂ 5 ರೂಪಾಯಿ ಉಳಿಸಲು ಚೀಲ ಹಿಡಿದು ಬರುತ್ತಿದ್ದರು. ಐರ್ಲೆಂಡ್ ದೇಶ 2002ರ ಮಾರ್ಚ್‌ನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ವಿಧಿಸಿದಾಗ ಚೀಲಗಳ ಬಳಕೆ ಶೇ 90ರಷ್ಟು ಇಳಿದದ್ದನ್ನು ಕುರಿತು ಎಲ್ಲಿಯೋ ಓದಿದ್ದ ಅಧ್ಯಕ್ಷರು ನಮ್ಮೂರಿನಲ್ಲಿಯೂ ಹಾಗೆಯೇ ಆಯಿತೆಂದು ಸಂತೋಷಪಟ್ಟರು.

ಬಟ್ಟೆ ಅಂಗಡಿಯಲ್ಲಿ ತಕರಾರು ಮೊದಲಾಯಿತು. ನಿವೃತ್ತ ಶಿಕ್ಷಕರೊಬ್ಬರು ಸೀರೆ, ಪಂಚೆ ಕೊಂಡ ಮೇಲೆ ಬಿಲ್ಲಿನ ಕೊನೆಯಲ್ಲಿ ಚೀಲದ 10 ರೂಪಾಯಿ ನೋಡಿ, "ಮೇಲೆ ನಿಮ್ಮ ಅಂಗಡಿ ಹೆಸರು ಅಚ್ಚಾಗಿದೆ. ನಿಮ್ಮ ಜಾಹೀರಾತನ್ನು ನಾನು ಹೊತ್ತು ತಿರುಗುವುದಕ್ಕೆ ನಾನೇ ದುಡ್ಡು ಕೊಡಬೇಕೇ?" ಎಂದು ಕೇಳಿದರು. ಅವರ ಪ್ರಶ್ನೆಗೆ ಕಾನೂನಿನ ಬೆಂಬಲವಿತ್ತು. ಮುಂಚಿತವಾಗಿ ತಿಳಿಸದೆ ಬಿಲ್ಲಿನ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಮಳಿಗೆಯ ಪ್ರಕರಣದಲ್ಲಿ ಹೇಳಿತ್ತು. ಸಂಘ ಕೂಡಲೇ ಎರಡು ತಿದ್ದುಪಡಿ ಮಾಡಿತು: ದುಡ್ಡು ತೆಗೆದುಕೊಳ್ಳುವ ಚೀಲದ ಮೇಲೆ ಅಂಗಡಿಯ ಹೆಸರಿರಬಾರದು; ಚೀಲದ ಬೆಲೆಯ ಫಲಕ ಬಾಗಿಲಿನಲ್ಲಿಯೇ ಇರಬೇಕು. ಎರಡನೆಯದು ತೋರಿಕೆಗೆ ಸಣ್ಣದಾದರೂ ಪರಿಣಾಮ ದೊಡ್ಡದು. ಬಾಗಿಲಿನಲ್ಲಿ ಬೆಲೆ ಕಂಡವನು ಸ್ಕೂಟರಿನ ಡಿಕ್ಕಿಯಲ್ಲಿರುವ ಚೀಲ ತರಲು ಹಿಂದಿರುಗಬಲ್ಲ, ಬಿಲ್ಲಿನಲ್ಲಿ ಕಂಡವನು ಜಗಳವಷ್ಟೇ ಆಡಬಲ್ಲ.

ಸಂತೆಯ ಕತೆ ಬೇರೆ. ಈ ಭಾಗದ ತೋಟಗಳಲ್ಲಿ ಸಂತೆಯ ದಿನವೇ ರಜೆ, ಅದಕ್ಕೆ ಹೊಂದಿಕೊಂಡೇ ವಾರದ ಬಟವಾಡೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳಿಂದ (ತೋಟದ ಕೂಲಿಕಾರರ ಸಾಲುಮನೆಗಳಿಂದ) ಪಿಕಪ್ ವಾಹನಗಳಲ್ಲಿ ಬಂದಿಳಿಯುವ ಕಾರ್ಮಿಕರಲ್ಲಿ ಉತ್ತರ ಕರ್ನಾಟಕದವರೂ, ಈಚಿನ ವರ್ಷಗಳಲ್ಲಿ ಅಸ್ಸಾಮಿನವರೂ ಇದ್ದಾರೆ. ಕನ್ನಡದಲ್ಲಿ ಮಾತ್ರ ಬರೆದ ಫಲಕ ಅವರಲ್ಲಿ ಹಲವರಿಗೆ ತಲುಪುವಂತಿರಲಿಲ್ಲ. ಸಂತೆಯಲ್ಲಿ ನಾನು ಕಂಡ ಒಬ್ಬ ಹೆಂಗಸು ಗುಡ್ಡೆ ಲೆಕ್ಕದಲ್ಲಿ 20 ರೂಪಾಯಿಯ ಟೊಮೆಟೊ ಕೊಂಡು, ಚೀಲಕ್ಕೆ ಇನ್ನೂ 5 ರೂಪಾಯಿ ಎಂದಾಗ ಒಂದು ಕ್ಷಣ ನಿಂತು, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಅದರಲ್ಲಿ ಕಟ್ಟಿಕೊಂಡಳು. ಪಕ್ಕದ ಅಂಗಡಿಯಲ್ಲಿ ಹಸಿಮೆಣಸು, ಮುಂದಿನದರಲ್ಲಿ ಒಣಮೀನು. ಟವೆಲು ಇರುವುದು ಒಂದೇ. ಬಂಗಾರದಂಗಡಿಯವರು ಸಂಘದ ಸದಸ್ಯರಾಗಿದ್ದೂ ತಮ್ಮ ಗಿರಾಕಿಗಳಿಗೆ ಜರಿಯಂಚಿನ ಚೀಲವನ್ನು ಪುಕ್ಕಟೆಯಾಗಿಯೇ ಕೊಡುತ್ತಿದ್ದರು ಎಂಬುದು ಗೊತ್ತಾದ ಮೇಲೆ ಈ 5 ರೂಪಾಯಿ ಬಡವರ ಮೇಲಿನ ಸುಂಕ ಎಂಬ ಮಾತು ಪೇಟೆಯಲ್ಲಿ ಹಬ್ಬಿತು. ಆ ಮಾತಿನಲ್ಲಿ ಸತ್ಯಾಂಶವಿತ್ತು. ಚೀಲ ತರುವುದು ಮನೆಯಿಂದ ನೇರವಾಗಿ ಪೇಟೆಗೆ ಬರುವವರಿಗೆ ಸುಲಭ. ದುಡಿಮೆಯ ಜಾಗದಿಂದ ಬರುವವರಿಗೆ, ಬಸ್ಸಿನಿಂದಿಳಿದು ದಾರಿಯಲ್ಲಿ ಕೊಳ್ಳುವವರಿಗೆ ಅಲ್ಲ.

ಇನ್ನು ಸಂತೆಗೆ ಹೊರಗಿನಿಂದ ಬರುವ ವ್ಯಾಪಾರಿಗಳು ಸಂಘದ ಸದಸ್ಯರೇ ಅಲ್ಲ. ಈ ವಾರ ಇಲ್ಲಿ, ನಾಳೆ ಇನ್ನೊಂದು ಸಂತೆಯಲ್ಲಿ ಇರುವವರಿಗೆ ಊರಿನ ಕಟ್ಟುಪಾಡಿನ ಹಂಗೇಕೆ? ಅವರು ತೆಳುವಾದ ಬಿಳಿ ಕವರನ್ನು ತಕ್ಕಡಿಯ ಕೆಳಗಿನಿಂದ ತೆಗೆದು ಪುಕ್ಕಟೆ ಕೊಡುತ್ತಲೇ ಇದ್ದರು, ಊರಿನ ತರಕಾರಿ ಅಂಗಡಿಯವರು ಅದನ್ನು ನೋಡಿ ತಾವೂ ಶುರುಮಾಡಿದರು.

ಜಾಲರಿ ಹೇಳಿದ ಲೆಕ್ಕ

ಅಷ್ಟಾದರೂ ಒಟ್ಟಿನಲ್ಲಿ ಸುಧಾರಣೆಯಾಗಿದೆ ಎಂದೇ ಎಲ್ಲರೂ ನಂಬಿದ್ದರು. ಆರೋಗ್ಯ ನಿರೀಕ್ಷಕರಿಗೆ ಮಾತ್ರ ಸಂಶಯವಿತ್ತು. ಮಳೆಗೆ ಮುಂಚೆ ಚರಂಡಿ ಶುಚಿಗೊಳಿಸುವಾಗ ಅವರು ಮೋರಿಯ ಜಾಲರಿಯಲ್ಲಿ ಸಿಕ್ಕಿದ್ದನ್ನೆಲ್ಲ ಪಕ್ಕದ ಕಟ್ಟೆಯ ಮೇಲೆ ಎಳೆಸಿ, ಬಗೆಬಗೆಯಾಗಿ ವಿಂಗಡಿಸಿ ಹರವಿಸಿದರು. ಬಿಳಿಯ ತೆಳು ಕವರುಗಳ ಗುಡ್ಡೆ ನಿಜಕ್ಕೂ ಸಣ್ಣದಾಗಿತ್ತು. ಅದರ ಪಕ್ಕದಲ್ಲಿ ಹಿಂದಿನ ವರ್ಷ ಹೆಚ್ಚಾಗಿ ಕಾಣದಿದ್ದ ಹೊಸ ಗುಡ್ಡೆಯೊಂದು ಎದ್ದಿತ್ತು: ಕೆಂಪು, ನೀಲಿ, ಹಸಿರು ಬಣ್ಣದ ನಾನ್ ವೋವನ್, ಅಂದರೆ ನೇಯದೆ ಮಾಡಿದ ಚೀಲಗಳು. ನೋಡಲು ಬಟ್ಟೆಯಂತಿರುವ ಈ ಚೀಲಗಳು ಕೆಸರಿನಲ್ಲಿ ನೆನೆದು, ಹಿಡಿಕೆ ಕಿತ್ತು, ಎಳೆಎಳೆಯಾಗಿ ಬಿಚ್ಚಿಕೊಂಡು ಜಾಲರಿಯ ಸರಳುಗಳಿಗೆ ಹೆಣೆದುಕೊಂಡಿದ್ದವು. ತೆಳು ಕವರನ್ನು ಕೊಕ್ಕೆ ಹಾಕಿ ಎಳೆದರೆ ಹರಿದು ಬರುತ್ತದೆ. ಇವನ್ನು ಪೌರಕಾರ್ಮಿಕರು ಕುಡುಗೋಲಿನಿಂದ ಕೊಯ್ದು ಬಿಡಿಸಬೇಕಾಯಿತು.

ಮುಂದಿನ ಸಭೆಗೆ ನಿರೀಕ್ಷಕರು ಎರಡು ಚೀಲಗಳನ್ನು ತಂದರು. ಒಂದು ಹತ್ತಿಯ ಬಟ್ಟೆಯದು, ಇನ್ನೊಂದು ನಾನ್ ವೋವನ್. ಎರಡರಿಂದಲೂ ಒಂದೊಂದು ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ಹತ್ತಿಯ ಚೂರು ಕಾಗದದ ವಾಸನೆ ಹೊಮ್ಮಿಸಿ ಉರಿದು ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಯಿತು. ಇನ್ನೊಂದು ಉರಿಯುವ ಬದಲು ಮುದುಡಿಕೊಂಡು ಕರಗಿ, ತೊಟ್ಟಿಕ್ಕಿ, ಮೇಜಿನ ಮೇಲೆ ಗಟ್ಟಿ ಮಣಿಯಾಗಿ ನಿಂತಿತು. ಕೋಣೆಯಲ್ಲಿ ಮೇಣ ಸುಟ್ಟಂಥ ನಾತ ಹರಡಿತು. ಅದು ಪಾಲಿಪ್ರಾಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. 2021ರ ಕೇಂದ್ರ ತಿದ್ದುಪಡಿ ನಾನ್ ವೋವನ್ ಚೀಲವು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ್ದಾಗಿರಬಾರದೆಂದು ಹೇಳುತ್ತದೆ. ಜಾಲರಿಯಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನವು ಅಂಗೈಯನ್ನು ಹಿಂದಿಟ್ಟರೆ ಗೆರೆಗಳು ಕಾಣುವಷ್ಟು ತೆಳುವಾಗಿದ್ದವು.

ಇವು ಎಲ್ಲಿಂದ ಬಂದವು ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಗಟಿನಲ್ಲಿ 5 ರೂಪಾಯಿಗಿಂತ ಸಾಕಷ್ಟು ಕಡಿಮೆಗೆ ಸಿಗುವ ಚೀಲವನ್ನು 5 ರೂಪಾಯಿಗೆ ಮಾರಿದರೆ ಉಳಿಯುವುದು ಅಂಗಡಿಯವರಿಗೆ. ಕಟ್ಟುಪಾಡಿಗೆ ಮುಂಚೆ ಖರ್ಚಾಗಿದ್ದ ಚೀಲ ಈಗ ಆದಾಯವಾಗಿತ್ತು. ಗಿರಾಕಿ ಸಾಮಾನು ಎತ್ತಿಕೊಳ್ಳುವ ಮೊದಲೇ "ಚೀಲ ಹಾಕ್ಲಾ ಅಣ್ಣ?" ಎಂದು ಕೇಳುವಂತೆ ಕೆಲವರು ಅಂಗಡಿ ಹುಡುಗರಿಗೆ ಹೇಳಿಕೊಟ್ಟಿದ್ದರು. ಕೊಳ್ಳುವವನ ಕೈಯನ್ನು ಹಿಡಿಯಬೇಕಾಗಿದ್ದ ಬೆಲೆ ಮಾರುವವನ ಕೈಯನ್ನು ಚುರುಕುಗೊಳಿಸಿತ್ತು.

ಹೊರದೇಶಗಳ ಉದಾಹರಣೆ ಕೊಡುವಾಗ ನಾವು ಬೆಲೆಯನ್ನಷ್ಟೇ ಹೇಳಿ, ಆ ದುಡ್ಡಿನ ಹಾದಿಯನ್ನು ಬಿಡುತ್ತೇವೆ. ಐರ್ಲೆಂಡಿನಲ್ಲಿ ಆ 15 ಸೆಂಟ್ ಅಂಗಡಿಯಲ್ಲಿ ಉಳಿಯುತ್ತಿರಲಿಲ್ಲ, ತೆರಿಗೆಯಂತೆ ಸರ್ಕಾರಕ್ಕೆ ಸಂದು ಪರಿಸರ ನಿಧಿಗೆ ಸೇರುತ್ತಿತ್ತು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರಿನಿಂದ ದೊಡ್ಡ ಮಳಿಗೆಗಳು ಚೀಲವೊಂದಕ್ಕೆ 5 ಪೆನ್ಸ್ ಪಡೆಯತೊಡಗಿದಾಗ ಹಣ ಮಳಿಗೆಯಲ್ಲಿಯೇ ಉಳಿಯಿತಾದರೂ, ಎಷ್ಟು ಚೀಲ ಮಾರಿದರು, ಹಣವನ್ನು ಯಾವ ಸತ್ಕಾರ್ಯಕ್ಕೆ ಕೊಟ್ಟರು ಎಂಬ ಲೆಕ್ಕವನ್ನು ಅವು ಒಪ್ಪಿಸಬೇಕಿತ್ತು. ನಮ್ಮ ಪೇಟೆಯಲ್ಲಿ ಎರಡೂ ಇರಲಿಲ್ಲ.

ಎರಡನೆಯ ಸುತ್ತು

ನಾನ್ ವೋವನ್ ಚೀಲವನ್ನು ಕೈಬಿಡುವ ತೀರ್ಮಾನಕ್ಕೆ ಆ ಬೆಂಕಿಕಡ್ಡಿಯೇ ಸಾಕಾಯಿತು. ಅದರ ಬದಲಿಗೆ ಏನು ಎಂಬ ಚರ್ಚೆ ಮಾತ್ರ ಎಳೆಯಿತು. ಕೊನೆಗೆ ಊರಿನ ಸ್ತ್ರೀಶಕ್ತಿ ಸಂಘಗಳ ಹೊಲಿಗೆ ಬಲ್ಲ ಹೆಂಗಸರಿಂದ ಗಾಡಾ ಬಟ್ಟೆಯ (ಒರಟು ಹತ್ತಿಬಟ್ಟೆಯ) ಚೀಲ ಹೊಲಿಸಿ, ಎಲ್ಲ ಅಂಗಡಿಗಳಲ್ಲಿ 20 ರೂಪಾಯಿ ಠೇವಣಿಗೆ ಕೊಡುವುದು, ಯಾವ ಅಂಗಡಿಗೆ ಹಿಂದಿರುಗಿಸಿದರೂ ಪೂರ್ತಿ 20 ರೂಪಾಯಿ ಮರಳಿಸುವುದು ಎಂದಾಯಿತು. ಚೀಲ ಒಗೆಯುವ ಖರ್ಚಿಗೆಂದು 2 ರೂಪಾಯಿ ಹಿಡಿದು 18 ಕೊಡೋಣ ಎಂದು ಖಜಾಂಚಿಗಳು ಹೇಳಿದ್ದರು. ಚಿಲ್ಲರೆಗಾಗಿ ದಿನವೂ ಜಗಳವಾಡುವುದು ಯಾರು ಎಂದು ಮಿಕ್ಕವರು ತಳ್ಳಿಹಾಕಿದರು. ಠೇವಣಿಯ ಹಣ ಅಂಗಡಿಯದಲ್ಲ, ವರ್ತಕರ ಸಂಘದ ಜಂಟಿ ಖಾತೆಯದು ಎಂಬುದನ್ನು ಈ ಬಾರಿ ನಿರ್ಣಯದ ಮೊದಲ ಸಾಲಿನಲ್ಲಿಯೇ ಬರೆಯಲಾಯಿತು.

ಠೇವಣಿ ಪದ್ಧತಿ ಶುರುವಾದ ಕೆಲದಿನಗಳಲ್ಲಿ ಎದುರಾದ ತೊಡಕನ್ನು ಯಾರೂ ಎಣಿಸಿರಲಿಲ್ಲ. ಮುಖ್ಯರಸ್ತೆಯ ಮೇಲ್ತುದಿಯ ದಿನಸಿ ಅಂಗಡಿಗಳಲ್ಲಿ ಜನ ಚೀಲ ಪಡೆಯುತ್ತಿದ್ದರು, ಊರಿಗೆ ಹೊರಡುವ ಮೊದಲು ಇಲ್ಲವೆ ಮುಂದಿನ ವಾರ ಬಸ್ಸಿಳಿದ ಕೂಡಲೇ ನಿಲ್ದಾಣದ ಎದುರಿನ ಬೇಕರಿಯಲ್ಲಿ ಹಿಂದಿರುಗಿಸುತ್ತಿದ್ದರು. ಮೇಲಿನ ಅಂಗಡಿಗಳಲ್ಲಿ ಹಣ ಸೇರುತ್ತಿತ್ತು, ಬೇಕರಿಯಲ್ಲಿ ಚೀಲ ಸೇರುತ್ತಿತ್ತು. ಬೇಕರಿಯವರು ತಮ್ಮ ಗಲ್ಲಾಪೆಟ್ಟಿಗೆಯಿಂದ 20, 20 ಎಂದು ಎಣಿಸಿ ಕೊಟ್ಟು ಬೇಸತ್ತು, "ನಾನೇನು ಚೀಲದ ಬ್ಯಾಂಕಾ?" ಎಂದು ಬೋರ್ಡು ತೆಗೆದು ಒಳಗಿಟ್ಟರು. ನಿಲ್ದಾಣದ ಎದುರು ಹಿಂಪಡೆಯುವ ಜಾಗ ಮುಚ್ಚಿದ ವಾರವೇ ಉಳಿದ ಅಂಗಡಿಗಳಿಗೆ ಬರುವ ಚೀಲಗಳೂ ಕಡಿಮೆಯಾದವು. ಸಂಘದ ಗುಮಾಸ್ತರು ವಾರಕ್ಕೊಮ್ಮೆ ಅಂಗಡಿ ಅಂಗಡಿಗೆ ಹೋಗಿ, ಕೊಟ್ಟ ಚೀಲ, ಬಂದ ಚೀಲ ಎರಡನ್ನೂ ಚೀಟಿಯಲ್ಲಿ ಬರೆದು ಹಣ ಹೊಂದಿಸುವ ಏರ್ಪಾಟು ಮಾಡಿದ ಮೇಲೆ, ಬೇಕರಿಯವರಿಗೆ ಮುಂಗಡವಾಗಿ ಒಂದು ಮೊತ್ತ ಕೊಟ್ಟ ಮೇಲೆ, ಪದ್ಧತಿ ಮತ್ತೆ ಉಸಿರಾಡಿತು. ಇಡೀ ಪ್ರಕರಣದಲ್ಲಿ ಅತ್ಯಂತ ನಿರ್ಣಾಯಕವಾದದ್ದು ಈ ನೀರಸ ಲೆಕ್ಕದ ಕೆಲಸವೇ ಎಂದು ನನಗೆ ತೋರುತ್ತದೆ.

ಒಗೆಯುವ ಖರ್ಚು ತಾನಾಗಿಯೇ ಹೊರಟಿತು. ಹಿಂದಿರುಗದ ಚೀಲಗಳ ಠೇವಣಿ ಖಾತೆಯಲ್ಲಿ ಉಳಿಯುತ್ತಿತ್ತಲ್ಲ, ಅದರಿಂದಲೇ ಅಗಸರಿಗೆ ಕೊಡಲಾಯಿತು. ಖಜಾಂಚಿಗಳು ಮಾತ್ರ ಈ ಹಣವನ್ನು ಲಾಭವೆಂದು ತೋರಿಸಲು ಕೊನೆಯವರೆಗೂ ಒಪ್ಪಲಿಲ್ಲ. ಆ ಚೀಲಗಳು ಯಾರದೋ ಮನೆಯಲ್ಲಿವೆ, ಎಲ್ಲವೂ ಒಂದೇ ದಿನ ವಾಪಸು ಬಂದರೆ ಕೊಡಬೇಕಾದದ್ದು ನಾವು, ಆದ್ದರಿಂದ ಅದು ಸಾಲ ಎಂಬುದು ಅವರ ಪಟ್ಟು. ಅವರ ಪಟ್ಟೇ ಸರಿ. ಉಳಿದ ಹಣದಲ್ಲಿ ಸಂಘದ ವಾರ್ಷಿಕೋತ್ಸವ ಮಾಡೋಣ ಎಂದವರ ಬಾಯಿ ಅದರಿಂದ ಮುಚ್ಚಿತು.

ಸಂತೆಯ ವ್ಯಾಪಾರಿಗಳನ್ನು ಒಳಗೊಳ್ಳುವ ದಾರಿ ಪುರಸಭೆಯ ಹಳೆಯ ಕಡತದಲ್ಲಿಯೇ ಇತ್ತು. ಸಂತೆ ಸುಂಕದ ವಸೂಲಿ ಹಕ್ಕನ್ನು ಪುರಸಭೆ ಪ್ರತಿ ವರ್ಷ ಹರಾಜು ಹಾಕುತ್ತದೆ. ಸಂಘದ ಸದಸ್ಯರಾಗದ ವ್ಯಾಪಾರಿಯೂ ಸುಂಕದ ಗುತ್ತಿಗೆದಾರನ ಚೀಟಿಯಿಲ್ಲದೆ ಮೈದಾನದಲ್ಲಿ ಕೂರಲಾರ. ಮುಂದಿನ ಹರಾಜಿನ ಷರತ್ತುಗಳಲ್ಲಿ ಎರಡನ್ನು ಸೇರಿಸಲಾಯಿತು: ತೆಳು ಕವರ್ ಇಟ್ಟುಕೊಂಡ ವ್ಯಾಪಾರಿಗೆ ಜಾಗದ ಚೀಟಿ ಕೊಡುವಂತಿಲ್ಲ; ಮೈದಾನದ ಬಾಗಿಲಿನಲ್ಲಿ ಠೇವಣಿ ಚೀಲಗಳ ಮೇಜನ್ನು ಗುತ್ತಿಗೆದಾರನೇ ಇಡಬೇಕು. ಮೇಜಿನ ಮುಂದೆ ಅಕ್ಷರಗಳ ಬದಲು ಚೀಲದ ಚಿತ್ರ, 20ರ ನೋಟಿನ ಚಿತ್ರ, ಹೋಗುವ ಬರುವ ಬಾಣಗಳನ್ನು ಬರೆಸಿದ ಫಲಕ ನಿಂತಿತು. ಕಾರ್ಮಿಕರು ಸಂತೆಗೆ ಬಂದಾಗ ಚೀಲ ಪಡೆದು, ಮುಂದಿನ ವಾರ ಅದನ್ನೇ ತರುವುದು ರೂಢಿಯಾಯಿತು. ಕೆಲವು ತೋಟಗಳ ರೈಟರುಗಳು (ಲೆಕ್ಕ ಬರೆಯುವ ಮೇಲ್ವಿಚಾರಕರು) ಲೈನ್ ಮನೆಗೊಂದರಂತೆ ಚೀಲಗಳನ್ನು ತಾವೇ ಒಯ್ದು ಹಂಚಿದರು. 20 ರೂಪಾಯಿ 5 ರೂಪಾಯಿಗಿಂತ ಹೆಚ್ಚಾದರೂ ಮರಳಿ ಬರುವ ದುಡ್ಡೆಂದು ತಿಳಿದ ಮೇಲೆ ದೂರು ನಿಂತಿತು. ಆದರೆ ಬಟವಾಡೆಯಾಗದ ವಾರ 20 ರೂಪಾಯಿ ಸಿಕ್ಕಿಹಾಕಿಕೊಳ್ಳುವುದೂ ಭಾರವೇ ಎಂಬುದನ್ನು ಮರೆಯಬಾರದು. ಅಂಥ ವಾರಗಳಲ್ಲಿ ಟವೆಲು ಮತ್ತೆ ಕಾಣಿಸುತ್ತಿತ್ತು.

ಮೀನಂಗಡಿ

ಬಂಗುಡೆ, ಬೂತಾಯಿಗಳು ಕರಾವಳಿಯಿಂದ ಘಟ್ಟ ಹತ್ತಿ ಬರುವ ಮಂಜುಗಡ್ಡೆಯ ಪೆಟ್ಟಿಗೆಗಳಿಂದ ನೀರು ಸೋರುತ್ತಲೇ ಇರುತ್ತದೆ. ಬಟ್ಟೆ ಚೀಲ ಇಲ್ಲಿ ನಡೆಯುವುದಿಲ್ಲ. ಮನೆಯಿಂದ ಡಬ್ಬಿ ತಂದವರಿಗೆ 5 ರೂಪಾಯಿ ಕಡಿಮೆ ಮಾಡುತ್ತೇವೆ ಎಂದು ಮೀನಂಗಡಿಯವರು ಮೊದಲು ಬೋರ್ಡು ಹಾಕಿದರು. ಡಬ್ಬಿ ತಂದವರು ಮೊದಲಿನಿಂದಲೂ ತರುತ್ತಿದ್ದವರಷ್ಟೇ. ಆಮೇಲೆ ಬೋರ್ಡು ತಿರುಗಿಸಿ, ಮೀನಿನ ದರವನ್ನು ಅಷ್ಟೇ ಇಳಿಸಿ ಬರೆದು, ಕಟ್ಟಿಕೊಡಬೇಕಾದರೆ 5 ರೂಪಾಯಿ ಹೆಚ್ಚು ಎಂದು ಹಾಕಿದರು. ಕೈಯಿಂದ ಹೋಗುವ ಹಣ ಮೊದಲಿನಷ್ಟೇ ಇದ್ದರೂ, ಸ್ಟೀಲಿನ ಡಬ್ಬಿಗಳು, ಹಳೆಯ ಟಿಫಿನ್ ಕ್ಯಾರಿಯರುಗಳು ಬರತೊಡಗಿದವು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತಲ ಅಂಗಡಿಗಳಲ್ಲಿ ನಡೆದ ಅಧ್ಯಯನವೂ ಇದನ್ನೇ ಕಂಡಿದೆ: ಸ್ವಂತ ಚೀಲ ತಂದವರಿಗೆ 5 ಸೆಂಟ್ ಬಹುಮಾನ ಕೊಟ್ಟಾಗ ಹೆಚ್ಚು ಕಡಿಮೆ ಏನೂ ಬದಲಾಗಲಿಲ್ಲ, ಚೀಲ ಪಡೆದವರಿಗೆ 5 ಸೆಂಟ್ ತೆರಿಗೆ ಹಾಕಿದಾಗ ಬಳಕೆ ಬಹಳವಾಗಿ ಇಳಿಯಿತು.

ಡಬ್ಬಿ ತರದವರಿಗೆ ಏನರಲ್ಲಿ ಕಟ್ಟಿಕೊಡುವುದು? ಅಚ್ಚಾದ ಪತ್ರಿಕೆಯಲ್ಲಿ ಆಹಾರ ಸುತ್ತಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿರುವುದರಿಂದ ಅದು ಆಗದು. ಹಿಂದೆ ಮಾಂಸ ಕಟ್ಟುತ್ತಿದ್ದ ತೇಗದ ಎಲೆ ಮರಳಿ ಬಂದಿತು. ಮಳೆಗಾಲದಿಂದ ಚಳಿಗಾಲದವರೆಗೆ ಎಲೆ ಧಾರಾಳ. ಬೇಸಿಗೆಯಲ್ಲಿ ತೇಗ ಬೋಳಾಗುತ್ತದೆ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಎಲೆಯಿದ್ದರೆ ಮೀನಿಲ್ಲ, ಮಾರ್ಚ್, ಏಪ್ರಿಲ್‌ನಲ್ಲಿ ಮೀನಿದ್ದರೆ ಎಲೆಯಿಲ್ಲ ಎಂದು ಅಂಗಡಿಯವರು ನಗುತ್ತಿದ್ದರು. ಬೇಸಿಗೆಗೆ ಅಡಿಕೆ ಹಾಳೆಯನ್ನು ಪ್ರಯತ್ನಿಸಿದರು. ಕೆಲಸಕ್ಕೆ ಬಂತಾದರೂ ಕಟ್ಟುವುದು ನಿಧಾನ, ಜನ ಕಾಯುವುದಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಕಪ್ಪು ಕವರ್ ಈಗಲೂ ಮೀನಂಗಡಿಯಲ್ಲಿ ಸಿಗುತ್ತದೆ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಠೇವಣಿ ಪದ್ಧತಿ ನೆಲೆಗೊಂಡ ಮೇಲಿನ ಮಳೆಗಾಲದ ಮುನ್ನ ನಿರೀಕ್ಷಕರು ಮತ್ತೆ ಜಾಲರಿಯ ಕಸವನ್ನು ಹರವಿಸಿದರು. ಕೈಚೀಲಗಳ ಎರಡೂ ಗುಡ್ಡೆಗಳು, ಬಿಳಿಯದೂ ಬಣ್ಣದ್ದೂ, ಇಳಿದಿದ್ದವು. ಬಟ್ಟೆ ಚೀಲ ಅಪರೂಪಕ್ಕೆ ಸಿಕ್ಕರೆ ಅದನ್ನು ಒಗೆದು ಬೇಕರಿಗೆ ಕೊಟ್ಟು 20 ರೂಪಾಯಿ ಪಡೆಯುವ ಹಕ್ಕು ಪೌರಕಾರ್ಮಿಕರದೆಂದು ತೀರ್ಮಾನವಾಗಿತ್ತು. ಆದರೆ ಹಾಲಿನ ಪೊಟ್ಟಣ, ಕುರುಕಲು ತಿಂಡಿಯ ಪೊಟ್ಟಣ, ಗುಟ್ಕಾ ಮತ್ತು ಶಾಂಪೂ ಚೀಟಿಗಳ ರಾಶಿ ಇದ್ದಷ್ಟೇ ಇತ್ತು, ಉಳಿದವು ಕುಗ್ಗಿದ್ದರಿಂದ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಇವುಗಳಿಗೆ ಯಾವ ಅಂಗಡಿಯವರೂ ಬೆಲೆ ಕಟ್ಟಲಾರರು. ಇವುಗಳ ಹೊಣೆ ತಯಾರಕರ ಮೇಲಿದೆ, ತಯಾರಕರು ಊರಿನಲ್ಲಿಲ್ಲ. ಚೀಲಕ್ಕೆ ಬೆಲೆ ಹಾಕಿದರೆ ಊರು ಸ್ವಚ್ಛವಾಗುತ್ತದೆ ಎಂದು ಭಾಷಣ ಮಾಡುವವರು ಒಮ್ಮೆ ಆ ಕಟ್ಟೆಯ ಮೇಲಿನ ರಾಶಿಗಳನ್ನು ನೋಡುವುದು ಒಳ್ಳೆಯದು.

ಈ ಪ್ರಕರಣವನ್ನು ಬೇರೆ ಊರಿಗೆ ಒಯ್ಯುವವರು ಮೊದಲು ಹೊಂದಿಸಿಕೊಳ್ಳಬೇಕಾದದ್ದು ಹಣದ ಹಾದಿಯನ್ನು. ಚೀಲದಿಂದ ಅಂಗಡಿಗೆ ಲಾಭವಿರುವವರೆಗೆ ಚೀಲಗಳ ಸಂಖ್ಯೆ ಇಳಿಯುವುದಿಲ್ಲ, ಚೀಲದ ಬಗೆಯಷ್ಟೇ ಬದಲಾಗುತ್ತದೆ. ಎಷ್ಟು ಚೀಲ ಮಾರಾಟವಾಯಿತು ಎಂದು ಅಂಗಡಿಯಲ್ಲಿ ಎಣಿಸುವುದಕ್ಕಿಂತ ಚರಂಡಿಯಲ್ಲಿ ಏನು ಸಿಕ್ಕಿತು ಎಂದು ಎಣಿಸುವುದು ಹೆಚ್ಚು ನಂಬಿಕೆಗೆ ಅರ್ಹ. ಅದಕ್ಕೆ ಒಂದು ಜಾಲರಿ, ಒಂದು ಕಟ್ಟೆ, ವಿಂಗಡಿಸುವ ತಾಳ್ಮೆ ಇದ್ದರೆ ಸಾಕು. ಬೆಲೆ ಹಾಕುವ ಮುನ್ನ ನೋಡಿದ ರಾಶಿಯ ದಾಖಲೆ ಇದ್ದರೆ ಇನ್ನೂ ಉತ್ತಮ. ಇಲ್ಲಿ ಅದು ನಿರೀಕ್ಷಕರ ನೆನಪಿನಲ್ಲಿ ಮಾತ್ರ ಇದ್ದುದರಿಂದ ಮೊದಲ ವರ್ಷದ ಹೋಲಿಕೆ ಸಡಿಲವಾಗಿಯೇ ಉಳಿಯಿತು.

ಕಾಲದ ಆಯ್ಕೆಯೂ ಮುಖ್ಯ. ಕಾಫಿ ಕೊಯ್ಲಿನ ನಡುವೆ, ಸಂತೆ ತುಂಬಿ ತುಳುಕುವಾಗ ಹೊಸ ಕಟ್ಟುಪಾಡು ಶುರುಮಾಡಿದರೆ ಮೊದಲ ಪೆಟ್ಟು ಬೀಳುವುದು ಊರಿಗೆ ಹೊಸಬರಾದ ಕಾರ್ಮಿಕರಿಗೆ. ಸುಂಕದ ಹರಾಜಿನ ಷರತ್ತುಗಳನ್ನು ಆರ್ಥಿಕ ವರ್ಷ ಮುಗಿಯುವ ಮುನ್ನವೇ ಬರೆಯಬೇಕಾಗುವುದರಿಂದ ಫೆಬ್ರವರಿಯಲ್ಲಿ ಮಾತುಕತೆ, ಏಪ್ರಿಲ್‌ನಲ್ಲಿ ಆರಂಭ ಎಂಬ ಕ್ರಮ ಈ ಭಾಗಕ್ಕೆ ಹೊಂದುತ್ತದೆ. ಹೊಲಿದ ಚೀಲಗಳ ದಾಸ್ತಾನು, ನಿಲ್ದಾಣದ ಬಳಿ ಹಿಂಪಡೆಯುವ ಅಂಗಡಿಗೆ ಕೊಡುವ ಮುಂಗಡ, ವಾರದ ಲೆಕ್ಕ ಬರೆಯುವ ಗುಮಾಸ್ತರ ಸಂಬಳ, ಈ ಮೂರೂ ಖಾತೆಯಲ್ಲಿ ಸೇರುವವರೆಗೆ ಫಲಕ ಬರೆಸಲು ಹೋಗಬಾರದು. ನಮ್ಮ ಪೇಟೆಯ ಸಂಘ ಈಗ ಉಪವಿಧಿಯ ಕರಡನ್ನು ಪುರಸಭೆಗೆ ಕೊಟ್ಟಿದೆ. ಬಂಗಾರದಂಗಡಿಯ ಪುಕ್ಕಟೆ ಚೀಲ ಅದರ ವ್ಯಾಪ್ತಿಗೆ ಬರಬೇಕೇ ಎಂಬುದರ ಮೇಲೆ ಚರ್ಚೆ ನಿಂತಿದೆ. ಸಂತೆಯ ವ್ಯಾಪಾರಿಗಳು ಮಾತ್ರ ಅದು ಬರದಿದ್ದರೆ ತಾವೂ ಮುಂದಿನ ಹರಾಜಿನ ಷರತ್ತಿಗೆ ಒಪ್ಪುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ.